ತೋತ್ಮಾ ಊರಿನ ಉಪ್ಪು

ಅಮೆರಿಕಕ್ಕೆ ಹೋದವನು ರಷ್ಯದ ಚರಿತ್ರೆ ಕಲಿತು ಬಂದೆ ಎಂದರೆ ಕುಮಟೆಯ ನನ್ನ ಗೆಳೆಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಸ್ಯಾನ್ ಫ್ರಾನ್ಸಿಸ್ಕೋದ ಕೆಂಪು ಸೇತುವೆಯ ಸುದ್ದಿ. ಸೇತುವೆಯನ್ನು ನಾನೂ ನೋಡಿದೆ, ಅಂದರೆ ಅದರ ಕಾಲುಗಳನ್ನು ನೋಡಿದೆ. ಮೇಲಿನದ್ದನ್ನೆಲ್ಲ ಮಂಜು ನುಂಗಿತ್ತು. ಅದೇ ಮಂಜಿನಲ್ಲಿ ತೋತ್ಮಾ ಎಂಬ ಊರೊಂದು ನನಗೆ ಸಿಕ್ಕಿತು. ಅದು ಉತ್ತರ ರಷ್ಯದ ಕಾಡಿನ ನಡುವೆ ಇದೆ. ನಾನು ಅಲ್ಲಿಗೆ ಹೋಗಿಲ್ಲ, ಹೋಗುವ ಅಂದಾಜೂ ಇಲ್ಲ. ಆದರೂ ಅದರ ಬಗ್ಗೆ ಒಂದು ಪೀರಿಯಡ್ ಪಾಠ ಮಾಡು ಎಂದರೆ ಈಗಲೂ ಮಾಡಬಲ್ಲೆ.

ಸ್ಯಾನ್ ಫ್ರಾನ್ಸಿಸ್ಕೋ, ಮಹಡಿಯ ಮನೆ

ನಾವು ಹೋದದ್ದು ಜುಲೈ ತಿಂಗಳಲ್ಲಿ. ನನ್ನ ಹೆಂಡತಿ ಗಿರಿಜೆಯ ತಮ್ಮ ಸುಧಾಕರ ಆಗ ಅಲ್ಲಿದ್ದ. ಇಂಟರ್ನೆಟ್ಟು ಎಂದು ಬಾಯಿಬಿಟ್ಟರೆ ಆ ಊರಿನಲ್ಲಿ ಬಾಡಿಗೆ ಮನೆಯೊಂದನ್ನು ಬಿಟ್ಟು ಬೇರೆಲ್ಲವೂ ಸಿಗುತ್ತಿದ್ದ ಕಾಲ ಅದು. ಕ್ಯಾಲಿಫೋರ್ನಿಯ ಎಂದರೆ ಬಿಸಿಲು ಎಂದು ಪುಸ್ತಕದಲ್ಲಿ ಓದಿದ್ದ ನಾನು ಹತ್ತಿಯ ಅಂಗಿಗಳನ್ನೇ ಮಡಚಿಟ್ಟುಕೊಂಡು ಹೋಗಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ, ಚರಿತ್ರೆ ಹೇಳಿಕೊಟ್ಟವನ ಹಲ್ಲು ಮೊದಲ ದಿನವೇ ಕಟಕಟ ಎನ್ನತೊಡಗಿತು. ಸುಧಾಕರ ನಕ್ಕು, ತನ್ನ ಕಂಪನಿಯವರು ಹಂಚಿದ್ದ ಜಾಕೆಟ್ಟೊಂದನ್ನು ನನಗೆ ತೊಡಿಸಿದ. ಬೆನ್ನ ಮೇಲೆ ಅಂಗೈ ಅಗಲದ ಅಕ್ಷರಗಳಲ್ಲಿ ಕಂಪನಿಯ ಹೆಸರಿತ್ತು.

ಆ ಜಾಕೆಟ್ಟಿನಿಂದ ನನ್ನ ಮಾನ ಬಹಳ ಏರಿತು. ಸಿಟಿ ಬಸ್ಸಿನಲ್ಲಿ ಗಡ್ಡದ ಯುವಕನೊಬ್ಬ ಪಕ್ಕಕ್ಕೆ ಬಂದು ಕೂತು, ನಿಮ್ಮಲ್ಲಿ ಕೆಲಸ ಖಾಲಿ ಇದೆಯೇ ಎಂದು ವಿಚಾರಿಸಿದ. ನಾನು ನಿವೃತ್ತನಪ್ಪ ಎಂದೆ. ಅವನು ಕೈಕುಲುಕಿ ಅಭಿನಂದಿಸಿದ. ಹೈಸ್ಕೂಲು ಮಾಸ್ತರಿಕೆ ಮುಗಿಸಿದ್ದಕ್ಕೆ ಇಷ್ಟು ಗೌರವ ನನಗೆ ಸ್ವಂತ ಊರಿನಲ್ಲಿಯೂ ಸಿಕ್ಕಿರಲಿಲ್ಲ. ಶೇರು ಮಾರಿ ಕೋಟಿ ಮಾಡಿಕೊಂಡು ಕೆಲಸ ಬಿಟ್ಟವನೆಂದು ಅವನು ತಿಳಿದಿದ್ದ ಎಂದು ಸುಧಾಕರ ಆಮೇಲೆ ವಿವರಿಸಿದ.

ಸುಧಾಕರ ಇದ್ದದ್ದು ನಗರದ ಪಶ್ಚಿಮ ತುದಿಯಲ್ಲಿ, ಒಬ್ಬ ರಷ್ಯನ್ ಮುದುಕಿಯ ಮನೆಯ ಮಹಡಿಯಲ್ಲಿ. ಬಂದ ಮರುದಿನ ಗಿರಿಜೆ ಸಾರಿಗೆ ಒಗ್ಗರಣೆ ಕೊಟ್ಟಳು. ಸಾಸಿವೆ ಸಿಡಿಯಿತು, ಮೆಣಸು ಘಾಟು ಹೊಡೆಯಿತು, ಅಷ್ಟರಲ್ಲಿ ಮಾಡಿನಲ್ಲಿದ್ದ ಹೊಗೆಯ ಗಂಟೆ ಕಿರುಚತೊಡಗಿತು. ಸುಧಾಕರ ಆಫೀಸಿಗೆ ಹೋಗಿದ್ದ. ನಾವಿಬ್ಬರು ಮೇಲೆ ನೋಡುತ್ತ ನಿಂತಿದ್ದಾಗ ಬಾಗಿಲು ತೆರೆದುಕೊಂಡು ಎಂಬತ್ತರ ಹತ್ತಿರದ ಹೆಂಗಸೊಬ್ಬರು ಪೊರಕೆ ಹಿಡಿದು ಒಳಗೆ ಬಂದರು. ಹೊಡೆಯಲಿಕ್ಕೇ ಬಂದರೆಂದು ನಾನು ಗಿರಿಜೆಯ ಹಿಂದೆ ಸರಿದೆ. ಅವರು ಪೊರಕೆಯ ಹಿಡಿಯಿಂದ ಗಂಟೆಯ ಗುಂಡಿಯನ್ನು ಒಂದೇ ಏಟಿಗೆ ಒತ್ತಿ ಬಾಯಿ ಮುಚ್ಚಿಸಿ, ಮೂಗೆತ್ತಿ ವಾಸನೆ ನೋಡಿ, ಕುರ್ಚಿ ಎಳೆದುಕೊಂಡು ಊಟಕ್ಕೆ ಕೂತರು. ಅವರ ಹೆಸರು ವೇರಾ. ಗಿರಿಜೆಯ ಬಾಯಲ್ಲಿ ಸಂಜೆಯೊಳಗೆ ವೇರಮ್ಮ ಆದರು. ಇವಳಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು, ಆದರೂ ಅಡುಗೆಯ ವಿಷಯದಲ್ಲಿ ಇಬ್ಬರಿಗೂ ನನ್ನ ದುಭಾಷಿತನ ಬೇಕಾಗಲಿಲ್ಲ.

ಚಹದ ಮೇಜು

ವೇರಮ್ಮ ಚಹಕ್ಕೆ ಹಾಲು ಹಾಕುವುದಿಲ್ಲ. ಒಂದು ಚಮಚ ಹಣ್ಣಿನ ಮುರಬ್ಬ ಬಾಯಿಗೆ ಹಾಕಿಕೊಂಡು ಅದರ ಮೇಲೆ ಕಪ್ಪು ಚಹ ಕುಡಿಯುತ್ತಾರೆ. ಮಧ್ಯಾಹ್ನ ಕೆಳಗಿನ ಮನೆಗೆ ಹೋಗಿ ಕೂತರೆ ಏಳಲಿಕ್ಕೆ ಬಿಡುತ್ತಿರಲಿಲ್ಲ. ನಾನು ಚರಿತ್ರೆಯ ಮಾಸ್ತರನೆಂದು ತಿಳಿದ ಮೇಲಂತೂ ಮುರಬ್ಬ ಎರಡು ಚಮಚವಾಯಿತು.

ನಿಮ್ಮ ಊರು ಯಾವುದು ಎಂದು ಕೇಳಿದಾಗ ಅವರು ತಡವಿಲ್ಲದೆ ತೋತ್ಮಾ ಎಂದರು. ಹುಟ್ಟಿದ್ದು ಮಾತ್ರ ಚೀನಾದ ಹಾರ್ಬಿನ್‌ನಲ್ಲಿ, ಬೆಳೆದದ್ದು ಶಾಂಘೈಯಲ್ಲಿ, ಮುದುಕಿಯಾದದ್ದು ಇಲ್ಲಿ. ಅವರ ಅಪ್ಪ ಕ್ರಾಂತಿಯ ಗಲಾಟೆಯಲ್ಲಿ ತೋತ್ಮಾ ಬಿಟ್ಟವರು. ಮಗಳು ಆ ಊರಿನ ಮಣ್ಣು ಮೆಟ್ಟಿದವರೇ ಅಲ್ಲ. ಅಪ್ಪ ಹೇಳಿದ್ದನ್ನು ಕೇಳಿ ಕೇಳಿ ಓಣಿ ಓಣಿಯನ್ನೂ ಬಾಯಿಪಾಠ ಮಾಡಿಕೊಂಡಿದ್ದರು.

ಆ ಊರಿನ ಕಥೆ ಹೀಗೆ. ಸಮುದ್ರ ಎಲ್ಲಿಯೋ, ತೋತ್ಮಾ ಎಲ್ಲಿಯೋ. ಆದರೂ ಅಲ್ಲಿ ನೆಲದ ಅಡಿಯಲ್ಲಿ ಉಪ್ಪು ನೀರಿನ ಸೆಲೆ ಇತ್ತು. ಮರದ ದಿಮ್ಮಿಗಳನ್ನು ಕೊರೆದು ಕೊಳವೆ ಮಾಡಿ ಆಳಕ್ಕೆ ಇಳಿಸಿ, ಆ ನೀರನ್ನು ಮೇಲೆತ್ತಿ, ದೊಡ್ಡ ಕಬ್ಬಿಣದ ಬಾಣಲೆಗಳಲ್ಲಿ ಹಗಲಿರುಳು ಕುದಿಸಿ ಉಪ್ಪು ತೆಗೆಯುತ್ತಿದ್ದರು. ಅದರಿಂದ ಬೆಳೆದ ಊರಿನ ವರ್ತಕರಿಗೆ ಆಮೇಲೆ ತುಪ್ಪಳದ ಹುಚ್ಚು ಹಿಡಿಯಿತು. ಸಮುದ್ರ ಕಾಣದ ಊರಿನವರು ಸೈಬೀರಿಯ ದಾಟಿ, ಹಡಗು ಕಟ್ಟಿ, ಅಲಾಸ್ಕದವರೆಗೂ ಹೋದರು. ಮರಳಿ ಬಂದವರು ಊರಿನಲ್ಲಿ ಹಡಗಿನ ಹಾಗೆ ಕಾಣುವ ಎತ್ತರದ ಚರ್ಚುಗಳನ್ನು ಕಟ್ಟಿಸಿದರು. ಊರಿನ ಲಾಂಛನದಲ್ಲಿ ಒಂದು ಕಪ್ಪು ನರಿ ಇದೆಯಂತೆ. ಇನ್ನೂ ಒಂದು ಸಂಗತಿ ಕೇಳಿ ನಾನು ಚಮಚ ಕೆಳಗಿಟ್ಟೆ. ತೋತ್ಮಾದ ಒಬ್ಬ ಮರದ ಕಾಲಿನ ಮನುಷ್ಯ ಹಡಗಿನಲ್ಲಿ ಕ್ಯಾಲಿಫೋರ್ನಿಯಕ್ಕೇ ಬಂದು, ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ ಸಮುದ್ರದ ದಂಡೆಯಲ್ಲಿ ಮರದ ಕೋಟೆ ಕಟ್ಟಿದ. ಅಲಾಸ್ಕದ ತಮ್ಮವರಿಗೆ ಇಲ್ಲಿ ಗೋದಿ ಬೆಳೆಯಬೇಕೆಂಬುದು ಅವರ ಲೆಕ್ಕ. ಮಂಜು ಗೋದಿಯನ್ನು ಏಳಗೊಡಲಿಲ್ಲ. ಕೊನೆಗೆ ಕೋಟೆ ಮಾರಿ ಹೊರಟುಹೋದರು. ಕೋಟೆ ಈಗಲೂ ಇದೆ.

ಉಪ್ಪಿನ ಮಾತು ಬಂದ ಮೇಲೆ ನಾನು ಸುಮ್ಮನಿರುತ್ತೇನೆಯೇ? ನಾನು ಹುಟ್ಟಿದ್ದು ಗೋಕರ್ಣದ ಹತ್ತಿರ, ಸಾಣಿಕಟ್ಟಾದ ಉಪ್ಪಿನ ಆಗರದ ಮಗ್ಗುಲಲ್ಲಿ. ನಮ್ಮಲ್ಲಿ ಗದ್ದೆಯ ಹಾಗೆ ಮಡಿ ಕಟ್ಟಿ, ಕೆಸರನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿ, ಉಪ್ಪು ನೀರು ಬಿಟ್ಟು ಕೂತರಾಯಿತು, ಉಳಿದದ್ದು ಸೂರ್ಯನ ಕೆಲಸ ಎಂದೆ. ವೇರಮ್ಮ ನಂಬಲಿಲ್ಲ. ಒಂದು ಕಡ್ಡಿ ಸೌದೆಯನ್ನೂ ಸುಡದೆ? ಹೌದು, ಒಂದು ಕಡ್ಡಿಯನ್ನೂ ಸುಡದೆ. ಅವರ ತಾತ ಬಾಣಲೆಯ ಮುಂದೆ ಬೆಂದು ಸತ್ತವರು. ನಮ್ಮವರು ಸೋಮಾರಿಗಳೆಂದು ಅವರು ಅಂದೇ ತೀರ್ಮಾನ ಮಾಡಿಬಿಟ್ಟರು.

ಈಗಂತೂ ದೇಶದ ಬಾಗಿಲು ತೆರೆದಿದೆ, ಒಮ್ಮೆ ಹೋಗಿಬರಬಾರದೇ ಎಂದು ಕೇಳಿದೆ. ಅವರ ಮುಖ ಸಣ್ಣದಾಯಿತು.

"ಹೋಗಿ ಯಾರ ಬಾಗಿಲು ತಟ್ಟಲಿ? ನೀನು ಯಾರು ಅಂತ ಕೇಳಿದರೆ ಏನು ಹೇಳಲಿ?" ಎಂದರು.

ಆ ವರ್ಷ ತೋತ್ಮಾವೇ ಅವರ ಬಳಿಗೆ ಬರುವುದಿತ್ತು. ಅಲ್ಲಿನ ಕೆಲವರು ಕೋಟೆ ನೋಡಲು ಬರುತ್ತಿದ್ದರು, ಅವರಲ್ಲಿ ಊರಿನ ಮ್ಯೂಸಿಯಂ ನೋಡಿಕೊಳ್ಳುವ ಲಿಡಿಯಾ ಎಂಬ ಹೆಂಗಸೂ ಒಬ್ಬಳು. ಬಂದ ಅತಿಥಿಗೆ ಬಾಗಿಲಲ್ಲಿ ರೊಟ್ಟಿ ಮತ್ತು ಉಪ್ಪು ಹಿಡಿದು ನಿಲ್ಲುವುದು ರಷ್ಯನ್ನರ ಪದ್ಧತಿ. ಕೋಟೆಯ ಬಾಗಿಲಲ್ಲಿ ಆ ಕೆಲಸವನ್ನು ಇಲ್ಲಿನ ರಷ್ಯನ್ ಚರ್ಚಿನವರು ವೇರಮ್ಮನಿಗೆ ಒಪ್ಪಿಸಿದ್ದರು. ಒಂದು ವಾರದಿಂದ ಅವರು ದಿನವೂ ಬ್ರೆಡ್ಡಿನಂತೆ ಉಬ್ಬಿದ ದುಂಡನೆಯ ದೊಡ್ಡ ರೊಟ್ಟಿ ಬೇಯಿಸಿ ನೋಡುತ್ತಿದ್ದರು. ಬಿರುಕು ಬಿಟ್ಟವು, ಸೀದುಹೋದವು ಎಲ್ಲ ಮಹಡಿಗೆ ಬರುತ್ತಿದ್ದವು. ನಾವು ಅವನ್ನು ಕಾಯಿಚಟ್ನಿಯೊಂದಿಗೆ ಮುಗಿಸುತ್ತಿದ್ದೆವು. ಎಲ್ಲರ ಮುಂದೆ ಹೇಳಬೇಕಾದ ಭಾಷಣವನ್ನೂ ಬಾಯಿಪಾಠ ಮಾಡುತ್ತಿದ್ದರು. ಅವರಿಗಿದ್ದ ಹೆದರಿಕೆ ಒಂದೇ. ಬಂದವರು ತನ್ನನ್ನು ತಮ್ಮೂರಿನವಳು ಎನ್ನುತ್ತಾರೋ, ಯಾರೋ ಅಮೆರಿಕದ ಮುದುಕಿ ಎಂದು ಕೈಕುಲುಕಿ ಮುಂದೆ ಹೋಗುತ್ತಾರೋ?

ಮೌಂಟನ್ ವ್ಯೂ, ಅಲ್ಲಿಂದ ಮನೆಗೆ

ನಡುವೆ ಒಂದು ದಿನ ಸುಧಾಕರ ನಮ್ಮನ್ನು ರೈಲಿನಲ್ಲಿ ಮೌಂಟನ್ ವ್ಯೂದ ತನ್ನ ಆಫೀಸಿಗೆ ಕರೆದೊಯ್ದ. ಒಳಗೆ ಎರಡು ನಾಯಿ, ಒಂದು ಪಿಂಗ್‌ಪಾಂಗ್ ಮೇಜು, ನೆಲದ ಮೇಲೆ ಧಾನ್ಯದ ಮೂಟೆಯಂಥ ಕುರ್ಚಿಗಳು. ನಿಮ್ಮ ಕಂಪನಿ ಏನು ಮಾಡುತ್ತದೆ ಎಂದು ಕೇಳಿದೆ.

"ಅದಿನ್ನೂ ಫೈನಲ್ ಆಗಿಲ್ಲ ಭಾವ. ಮೊದ್ಲು ಯೂಸರ್ಸು ಬರ್ಲಿ, ಆಮೇಲೆ ನೋಡೋಣ ಅಂದ್ಕೊಂಡಿದೀವಿ," ಎಂದ.

ಗಿರಿಜೆ ಮೂಟೆಯ ಮೇಲೆ ಕೂತವಳು ಏಳಲಾರದೆ, ಇಬ್ಬರು ಎಂಜಿನಿಯರುಗಳು ಕೈಕೊಟ್ಟು ಎಬ್ಬಿಸಬೇಕಾಯಿತು.

ಇಂಟರ್ನೆಟ್ಟಿನಲ್ಲಿ ಏನು ಬೇಕಾದರೂ ಸಿಗುತ್ತದೆ ಎಂದು ಸುಧಾಕರ ಅಲ್ಲಿ ಜಂಬ ಕೊಚ್ಚಿದ್ದರಿಂದ, ಹಾಗಿದ್ದರೆ ತೋತ್ಮಾ ತೋರಿಸು ಎಂದು ನಾನು ಪಟ್ಟು ಹಿಡಿದೆ. ಅಂದು ಸಂಜೆ ಮನೆಯ ಕಂಪ್ಯೂಟರಿನಲ್ಲಿ ಹುಡುಕಿದ. ಫೋನಿನ ತಂತಿ ಜೋಡಿಸಿದರೆ ಅದು ಕೀ ಕೂ ಎಂದು ಹೆರಿಗೆ ಬೇನೆಯವಳಂತೆ ನರಳಿ ಆಮೇಲೆ ಕೆಲಸ ಶುರುಮಾಡುತ್ತಿತ್ತು. ಚಿತ್ರ ಒಂದೇ ಒಂದು ಸಿಕ್ಕಿತು. ವೇರಮ್ಮನನ್ನು ಕರೆದು ಮುಂದೆ ಕೂಡಿಸಿದೆವು. ಚಿತ್ರ ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಇಳಿಯತೊಡಗಿತು. ಮೊದಲು ಆಕಾಶ, ಆಮೇಲೆ ಒಂದು ಶಿಲುಬೆ, ಗುಮ್ಮಟ, ಗೋಡೆಯ ಇಟ್ಟಿಗೆಯ ಸುರುಳಿಗಳು. ಅದು ನದಿಯ ದಂಡೆಯ ಚರ್ಚು, ಅದರ ಬುಡದಲ್ಲಿಯೇ ತಮ್ಮ ಅಪ್ಪನ ಮನೆ ಎಂದು ವೇರಮ್ಮ ಕುರ್ಚಿಯ ತುದಿಗೆ ಬಂದರು. ಅಷ್ಟರಲ್ಲಿ ಅದೇ ಲೈನಿನಲ್ಲಿದ್ದ ಕೆಳಗಿನ ಮನೆಯ ಫೋನಿಗೆ ಯಾರೋ ಕರೆ ಮಾಡಿ ಸಂಪರ್ಕ ಕಡಿಯಿತು. ಮತ್ತೊಮ್ಮೆ ತರಿಸುತ್ತೇನೆಂದು ಸುಧಾಕರ ಹೊರಟರೆ ಅವರು ಬೇಡವೆಂದರು. ಬುಡದಲ್ಲಿ ಮನೆ ಇಲ್ಲದಿದ್ದರೆ ಅದನ್ನು ಈ ಪೆಟ್ಟಿಗೆಯಿಂದ ತಿಳಿಯುವ ಮನಸ್ಸು ತನಗಿಲ್ಲ, ಲಿಡಿಯಾಳ ಬಾಯಿಂದಲೇ ಕೇಳುತ್ತೇನೆ ಎಂದು ಎದ್ದುಹೋದರು.

ವೇರಮ್ಮನ ಅಡುಗೆಮನೆ

ಕೋಟೆಗೆ ಹೊರಡುವ ಹಿಂದಿನ ದಿನ ಚರ್ಚಿನ ನಾಲ್ಕು ಹೆಂಗಸರು ಬಂದು ವೇರಮ್ಮನ ಹೊಸ ಉಡುಪನ್ನು ನೋಡಿ ಹೊಗಳಿ ಹೋದರು. ಸಂಜೆ ವೇರಮ್ಮನಿಗೆ ತಲೆಸುತ್ತು ಬಂತು. ನಾನು ರಕ್ತದೊತ್ತಡ ಎಂದೆ. ಗಿರಿಜೆ ನನ್ನನ್ನು ಕರುಣೆಯಿಂದ ನೋಡಿದಳು.

"ನಿಮಗೆ ಗೊತ್ತಾಗೂದಿಲ್ಲ. ನಾಕು ಜನ ಕಣ್ಣು ಬಿಟ್ಟು ನೋಡಿ ಹೋಯ್ದ್ರಲ್ಲ, ದೃಷ್ಟಿ ತಾಗದೆ ಎಂತ ಆಗ್ತದೆ?" ಎಂದಳು.

ಮರುದಿನ ಬೆಳಿಗ್ಗೆ ಕೆಳಗೆ ಹೋದರೆ ವೇರಮ್ಮ ಕೆಂಪು ನಿಲುವಂಗಿ, ಕಸೂತಿಯ ತೋಳು, ತಲೆಗೆ ಹೂವಿನ ಶಾಲು ತೊಟ್ಟು ಮದುವಣಗಿತ್ತಿಯಂತೆ ನಿಂತಿದ್ದರು. ಮೇಜಿನ ಮೇಲೆ ಕಸೂತಿ ವಸ್ತ್ರ, ಅದರ ಮೇಲೆ ಒಂದೂ ಬಿರುಕಿಲ್ಲದ ರೊಟ್ಟಿ, ರೊಟ್ಟಿಯ ನಡುವೆ ಪುಟ್ಟ ಖಾಲಿ ಬಟ್ಟಲು, ಪಕ್ಕದಲ್ಲಿ ಮುಚ್ಚಳ ತೆಗೆದ ಹಳೆಯ ಚಹದ ಡಬ್ಬಿ. ಸುಧಾಕರ ಕಾರು ತರಲು ಹೋಗಿದ್ದ. ನಾನು ಹಜಾರದಲ್ಲಿ ಬೂಟಿನ ದಾರದೊಂದಿಗೆ ಹೆಣಗುತ್ತಿದ್ದೆ. ಇವರನ್ನು ಹೀಗೆಯೇ ನೂರಾರು ಕಣ್ಣುಗಳ ಮುಂದೆ ಕಳಿಸಲು ಗಿರಿಜೆಯ ಮನಸ್ಸು ಒಪ್ಪಲಿಲ್ಲ. ದೃಷ್ಟಿ ತೆಗೆಯಲು ಹರಳುಪ್ಪೇ ಆಗಬೇಕು, ಅಮೆರಿಕದ ಪುಡಿ ಉಪ್ಪು ನಡೆಯುವುದಿಲ್ಲ. ಡಬ್ಬಿಯಲ್ಲಿ ನೋಡಿದರೆ ದಪ್ಪ ದಪ್ಪ ಹರಳು. ಇದ್ದದ್ದನ್ನೆಲ್ಲ ಮುಷ್ಟಿಗೆ ಸುರಿದುಕೊಂಡು, ವೇರಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ತಲೆಯಿಂದ ಕಾಲಿನವರೆಗೆ ಮೂರು ಸಲ ನಿವಾಳಿಸಿದಳು. ವೇರಮ್ಮ ಇದೇನೋ ಆಶೀರ್ವಾದವೆಂದು ತಲೆಬಾಗಿ ನಗುತ್ತ ಕೂತಿದ್ದರು. ಊರಿನಲ್ಲಾದರೆ ಉಪ್ಪನ್ನು ಒಲೆಗೆ ಹಾಕಬೇಕು. ಹೊಗೆಯ ಗಂಟೆಯ ನೆನಪಾಗಿ ಗಿರಿಜೆ ಸಿಂಕಿಗೆ ಹಾಕಿ ನಲ್ಲಿ ತಿರುಗಿಸಿದಳು.

ವೇರಮ್ಮ ಎದ್ದು ಡಬ್ಬಿಯ ಕಡೆ ಕೈ ಚಾಚಿದರು. ನಾನು ಒಳಗೆ ಬಂದಾಗ ಅವರು ಖಾಲಿ ಡಬ್ಬಿಯನ್ನು ಬೋರಲು ಹಾಕಿ ಅಂಗೈ ನೋಡುತ್ತಿದ್ದರು. ಆಮೇಲೆ ಕುರ್ಚಿಯಲ್ಲಿ ಕುಸಿದರು. ಅದು ತೋತ್ಮಾದ ಉಪ್ಪು. ಅಪ್ಪ ಊರು ಬಿಡುವಾಗ ಅಜ್ಜಿ ಬಟ್ಟೆಯಲ್ಲಿ ಕಟ್ಟಿಕೊಟ್ಟದ್ದು. ಹಾರ್ಬಿನ್, ಶಾಂಘೈ ದಾಟಿ ಬಂದದ್ದು. ಯಾರೂ ಒಂದು ಹರಳನ್ನೂ ಬಾಯಿಗೆ ಹಾಕಿರಲಿಲ್ಲ. ಇಂದು ರೊಟ್ಟಿಯ ಮೇಲಿಟ್ಟು, ನಿಮ್ಮೂರಿನದನ್ನು ನಿಮಗೇ ತಂದಿದ್ದೇನೆ ಎಂದು ಹೇಳಬೇಕೆಂದಿದ್ದರು. ಭಾಷಣವೆಲ್ಲ ಅದರ ಮೇಲೆಯೇ ನಿಂತಿತ್ತು. ಎಲ್ಲರೂ ಬೆರಗಾಗಲೆಂದು ಈ ಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಗಿರಿಜೆ ಅವರ ಕಾಲು ಹಿಡಿದುಕೊಂಡು ಅಳತೊಡಗಿದಳು. ಇದನ್ನು ಯಾತಕ್ಕೆ ಮಾಡುತ್ತಾರೆ ಎಂದು ವೇರಮ್ಮ ನನ್ನನ್ನು ಕೇಳಿದರು. ಯಾರಾದರೂ ತುಂಬ ಚೆಂದ ಕಂಡರೆ ಅವರ ಮೇಲೆ ಜನರ ಕಣ್ಣು ಬೀಳುತ್ತದೆ, ಆ ಕೆಡುಕನ್ನು ಉಪ್ಪು ಎಳೆದುಕೊಂಡು ಹೋಗುತ್ತದೆಂದು ನಂಬಿಕೆ ಎಂದೆ.

"ನಾನು ಅಷ್ಟು ಚೆಂದ ಕಾಣ್ತೇನೆಯೇ?" ಎಂದರು.

ಹೌದು ಎಂದೆ. ಅದು ನಿಜವೂ ಆಗಿತ್ತು. ಅವರು ಮೂಗು ಒರೆಸಿಕೊಂಡು ಎದ್ದು, ಕಪಾಟಿನಿಂದ ಅಂಗಡಿಯ ಪುಡಿ ಉಪ್ಪು ತೆಗೆದು ರೊಟ್ಟಿಯ ನಡುವಿನ ಬಟ್ಟಲಿಗೆ ಸುರಿದರು.

ಕರಾವಳಿಯ ದಾರಿ

ಆ ದಾರಿಯನ್ನು ನಾನು ಪೂರ್ತಿ ನೋಡಿದೆ ಎಂದು ಹೇಳಲಾರೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪಾತಾಳ, ಪಾತಾಳದಲ್ಲಿ ಪೆಸಿಫಿಕ್ ಸಮುದ್ರ. ತಿರುವುಗಳ ಮುಂದೆ ನಮ್ಮ ದೇವಿಮನೆ ಘಟ್ಟ ಏನೂ ಅಲ್ಲ. ಗಿರಿಜೆ ರೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರಾಯಶ್ಚಿತ್ತಕ್ಕೆ ಕೂತವಳಂತೆ ಅಲ್ಲಾಡದೆ ಕೂತಿದ್ದಳು. ವೇರಮ್ಮ ಮುಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದರು. ಬಾಯಿಪಾಠದ ಸದ್ದು ನಿಂತಿತ್ತು.

ಆ ಮೌನವನ್ನು ಮುರಿದ ಪುಣ್ಯ ನನ್ನ ಹೊಟ್ಟೆಯದು. ಕಾರು ನಿಲ್ಲಿಸು ಎಂದು ಕೂಗಿ ಇಳಿದು, ಬೇಲಿ ಹಿಡಿದು, ಬೆಳಗಿನ ತಿಂಡಿಯನ್ನು ಕ್ಯಾಲಿಫೋರ್ನಿಯಕ್ಕೆ ಅರ್ಪಿಸಿದೆ. ಬೇಲಿಯಾಚೆಯ ಕಪ್ಪು ಹಸುಗಳು ಸಾಲಾಗಿ ಬಂದು ನಿಂತು ನೋಡಿದವು. ಹಿಂದಿನಿಂದ ಬಂದ ಕಾರುಗಳೂ ಒಂದೊಂದಾಗಿ ನಿಂತು, ನೀವು ಸರಿಯಾಗಿದ್ದೀರಾ ಎಂದು ನಗುಮುಖದಿಂದ ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋದವು. ವೇರಮ್ಮ ಚೀಲದಿಂದ ಉಪ್ಪಿನಲ್ಲಿ ನೆನೆದ ಸೌತೆಕಾಯಿ ತೆಗೆದು ನನ್ನ ಬಾಯಿಗೆ ತುರುಕಿದರು. ಸೂರ್ಯನ ಉಪ್ಪು ತಿಂದವರಿಗೆ ಗಟ್ಟಿತನ ಇಲ್ಲ ಎಂದು ಸುಧಾಕರನಿಗೆ ಹೇಳಿ, ಉಪ್ಪು ಹೋದ ಮೇಲೆ ಮೊದಲ ಸಲ ನಕ್ಕರು.

ಕೋಟೆ

ಬಂಡೆಯ ಅಂಚಿನಲ್ಲಿ ದಪ್ಪ ಮರದ ಹಲಗೆಗಳ ಗೋಡೆ, ಒಳಗೆ ಒಂದು ಪುಟ್ಟ ಮರದ ಚರ್ಚು, ಸುತ್ತ ಹುಲ್ಲು, ಎಲ್ಲದರ ಮೇಲೆ ಮಂಜು. ಗೋದಿ ಏಕೆ ಏಳಲಿಲ್ಲ ಎಂಬುದು ಜಾಕೆಟ್ಟಿನ ಒಳಗೆ ನಡುಗುತ್ತಿದ್ದ ನನಗೆ ಪಾಠವಿಲ್ಲದೆಯೇ ತಿಳಿಯಿತು. ನಿಲುವಂಗಿಯ ಪಾದ್ರಿಗಳು, ಚರ್ಚಿನ ಹೆಂಗಸರು, ಮಕ್ಕಳು ಎಲ್ಲ ಸೇರಿದ್ದರು. ವೇರಮ್ಮ ಬಾಗಿಲ ಮುಂದೆ ರೊಟ್ಟಿ ಹಿಡಿದು ನಿಂತರು.

ತೋತ್ಮಾದವರು ಬಸ್ಸಿನಿಂದ ಇಳಿದರು. ಲಿಡಿಯಾ ಗಿಡ್ಡನೆಯ, ದುಂಡು ಮುಖದ, ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡ ಹೆಂಗಸು. ವೇರಮ್ಮನ ಭಾಷಣ ಸಿಂಕಿನಲ್ಲಿ ಹರಿದುಹೋಗಿತ್ತಲ್ಲ, ಅವರು ಎರಡೇ ಎರಡು ಮಾತು ಹೇಳಿದರು. ಬನ್ನಿ, ತಿನ್ನಿ ಎಂದಿರಬೇಕು. ಲಿಡಿಯಾ ರೊಟ್ಟಿಯ ಚೂರು ಮುರಿದು, ಉಪ್ಪಿಗೆ ಅದ್ದಿ, ಬಾಯಿಗೆ ಹಾಕಿಕೊಂಡವಳು ಅಗಿಯುವುದನ್ನು ನಿಲ್ಲಿಸಿ ಏನೋ ಕೇಳಿದಳು. ವೇರಮ್ಮ ಏನೋ ಉತ್ತರ ಕೊಟ್ಟರು. ಲಿಡಿಯಾ ಅವರ ಎರಡೂ ತೋಳು ಹಿಡಿದುಕೊಂಡು ಜೋರಾಗಿ ಮಾತಾಡತೊಡಗಿದಳು. ಉಪ್ಪಿನ ವಿಷಯ ಗೊತ್ತಾಗಿ ಬಯ್ಯುತ್ತಿದ್ದಾಳೆಂದು ಗಿರಿಜೆ ನನ್ನ ಬೆನ್ನ ಹಿಂದೆ ಸರಿದಳು.

ಬಯ್ಯುತ್ತಿರಲಿಲ್ಲ. ಪಕ್ಕದ ದುಭಾಷಿ ಹೆಂಗಸು ನಮಗೆ ಹೇಳಿದಳು. ನೀವು ಎಲ್ಲಿಯವರು ಎಂದು ಲಿಡಿಯಾ ಕೇಳಿದಳಂತೆ. ಹಾರ್ಬಿನ್, ಶಾಂಘೈ, ಸ್ಯಾನ್ ಫ್ರಾನ್ಸಿಸ್ಕೋ ಎಂದು ವೇರಮ್ಮ ಒಪ್ಪಿಸಿದರಂತೆ. ಲಿಡಿಯಾ ತಲೆ ಅಲ್ಲಾಡಿಸಿದಳಂತೆ.

"ಅಲ್ಲ, ನೀವು ನಮ್ಮವರು. ನನ್ನ ಅಜ್ಜಿ ಹೀಗೇ ಮಾತಾಡ್ತಿದ್ದಳು. ಈಗ ತೋತ್ಮಾದಲ್ಲಿಯೂ ಯಾರೂ ಹೀಗೆ ಮಾತಾಡುವುದಿಲ್ಲ."

ವೇರಮ್ಮನದು ಅಪ್ಪನಿಂದ ಬಂದ ಉತ್ತರದ ಹಳ್ಳಿಯ ಮಾತು. ಶಾಂಘೈಯ ಶಾಲೆಯಲ್ಲಿ ಅದಕ್ಕೆ ನಕ್ಕರು, ಇಲ್ಲಿನ ಚರ್ಚಿನ ದೊಡ್ಡ ಮನೆತನದ ಹೆಂಗಸರು ಈಗಲೂ ನಗುತ್ತಾರೆ. ಜನರ ಮುಂದೆ ಅವರು ಅದನ್ನು ತಿದ್ದಿಕೊಂಡು ಮಾತಾಡುತ್ತಿದ್ದರು. ಬಾಯಿಪಾಠ ಮಾಡಿದ ಭಾಷಣವೂ ತಿದ್ದಿದ ಮಾತಿನಲ್ಲಿಯೇ ಇತ್ತು. ಅದು ಕೈಬಿಟ್ಟಾಗ ಬಾಯಿಂದ ಬಂದದ್ದು ಅಪ್ಪನ ಮಾತು. ಧಾರವಾಡದಲ್ಲಿ ಟ್ರೇನಿಂಗಿಗೆಂದು ಇದ್ದಾಗ ನನ್ನ ಕರಾವಳಿಯ ಕನ್ನಡಕ್ಕೆ ಎಲ್ಲರೂ ನಕ್ಕಿದ್ದರಿಂದ ನಾನು ವರ್ಷವಿಡೀ ಬಾಯಿ ಮುಚ್ಚಿಕೊಂಡಿದ್ದವನು. ಅಲ್ಲಿ ನಿಂತು ನನ್ನ ಕಣ್ಣು ತುಂಬಿ ಬಂತು. ಮಂಜು ಎಂದು ಸುಧಾಕರನಿಗೆ ಹೇಳಿದೆ.

ಆಮೇಲೆ ಹುಲ್ಲಿನ ಮೇಲೆ ಊಟಕ್ಕೆ ಕೂತಾಗ ಉಪ್ಪಿನ ಕಥೆ ಹೊರಬಿತ್ತು. ಮ್ಯೂಸಿಯಮ್ಮಿನಲ್ಲಿ ಕೊಳವೆ ಇದೆ, ಬಾಣಲೆ ಇದೆ, ಉಪ್ಪು ಮಾತ್ರ ಒಂದು ಹರಳೂ ಇಲ್ಲ, ಅದನ್ನು ಕುದಿಸುವುದು ನಿಂತು ಎಷ್ಟೋ ಕಾಲವಾಯಿತು ಎಂದಳು ಲಿಡಿಯಾ. ಇದನ್ನು ತಿಳಿಸಿದಾಗ ಗಿರಿಜೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ವೇರಮ್ಮ ಎದ್ದು ನಿಂತು, ಬರಿ ಮುಷ್ಟಿಯನ್ನು ಮೂರು ಸಲ ಸುತ್ತಿಸಿ, ನಲ್ಲಿ ತಿರುಗಿಸಿ, ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ಲಿಡಿಯಾ ಹುಲ್ಲಿನ ಮೇಲೆ ಒರಗಿ ನಕ್ಕಳು. ತೋತ್ಮಾದ ಉಪ್ಪು ತೋತ್ಮಾದವಳಿಗೇ ಖರ್ಚಾಯಿತಲ್ಲ, ಇನ್ನೇನು ಎಂದು ಗಿರಿಜೆಯ ಸೆರಗನ್ನು ಕೈಯಾರೆ ಸರಿಸಿದಳು.

ವೇರಮ್ಮ ನದಿಯ ದಂಡೆಯ ಚರ್ಚಿನ ಬಗ್ಗೆ ಕೇಳಿದ್ದು ಕೊನೆಯಲ್ಲಿ, ಬಸ್ಸು ಹಾರನ್ ಹೊಡೆದ ಮೇಲೆ. ಚರ್ಚು ಇದೆ. ನಡುವೆ ಬಹಳ ವರ್ಷ ಅದರಲ್ಲಿ ಮದ್ಯದ ಕಾರ್ಖಾನೆ ಇತ್ತು, ಈಗ ನಾವಿಕರ ಮ್ಯೂಸಿಯಂ ಇದೆ. ಬುಡದ ಮನೆ ಉಳಿದಿಲ್ಲ, ಅಲ್ಲಿ ಯಾರೋ ಆಲೂಗಡ್ಡೆ ಬೆಳೆಯುತ್ತಾರೆ. ವೇರಮ್ಮ ತಲೆಯಾಡಿಸಿದರು. ಅಪ್ಪ ಇದ್ದಿದ್ದರೆ ಪ್ರಾರ್ಥನೆಗೂ, ಮದ್ಯಕ್ಕೂ, ಮ್ಯೂಸಿಯಮ್ಮಿಗೂ, ಮೂರು ಕಾಲದಲ್ಲಿಯೂ ಆ ಚರ್ಚಿಗೆ ಹೋಗುತ್ತಿದ್ದರು ಎಂದರು. ಲಿಡಿಯಾ ಬಸ್ಸಿನ ಮೆಟ್ಟಿಲಿನಿಂದ ತಿರುಗಿ ಒಂದು ಪ್ರಶ್ನೆ ಕೇಳಿ ಒಳಗೆ ಹೋದಳು. ಏನು ಕೇಳಿದಳೆಂದು ವೇರಮ್ಮ ನಮಗೆ ಹೇಳಲಿಲ್ಲ.

ಮರಳುವಾಗ, ಕಪ್ಪು ಹಸುಗಳ ಬೇಲಿಯೂ ಹಿಂದೆ ಸರಿದ ಮೇಲೆ, ವೇರಮ್ಮ ತನ್ನಷ್ಟಕ್ಕೆ ಎಂಬಂತೆ ಹೇಳಿದರು. ಯಾವಾಗ ಬರುತ್ತೀರಿ ಎಂದಲ್ಲ, ಊರಿಗೆ ಯಾವಾಗ ಮರಳುತ್ತೀರಿ ಎಂದು ಲಿಡಿಯಾ ಕೇಳಿದಳಂತೆ. ಆಮೇಲೆ ಸುಧಾಕರನ ಕಡೆ ತಿರುಗಿ, ನಿನ್ನ ಇಂಟರ್ನೆಟ್ಟಿನಲ್ಲಿ ವಿಮಾನದ ಟಿಕೇಟು ಸಿಗುತ್ತದೆಯೇ ಎಂದು ಕೇಳಿದರು. ಸಿಗುತ್ತದೆ, ಆದರೆ ಹೋಗಲಿಕ್ಕೆ ಮಾತ್ರವೋ, ಬರಲಿಕ್ಕೂ ಬೇಕೋ ಎಂದು ಅವನು ಕೇಳಿದ.

"ಎರಡಕ್ಕೂ ತೆಗೆ," ಎಂದರು ವೇರಮ್ಮ. "ಎರಡೂ ಕಡೆ ನನ್ನ ಊರೇ."